ಟವೆಲ್ಲಿನ ಕೆಳಗೊಂದು ಮೌಖಿಕ ಪರೀಕ್ಷೆ

ಮಾರಾಟ ಕಲೆಯ ಮೌಖಿಕ ಪರೀಕ್ಷೆಗೆಂದು ತಂದಿಟ್ಟಿದ್ದ ಹೊಸ ಸಾಬೂನಿನಿಂದ ಯಾರೋ ಕೈ ತೊಳೆದುಬಿಟ್ಟಿದ್ದರು. ೧೯೭೮ರಲ್ಲಿ, ಮಹಾರಾಷ್ಟ್ರದ ಗಡಿಯೂರು ಗಡಹಿಂಗ್ಲಜದ ಒಂದು ಕಾಮರ್ಸ್ ಕಾಲೇಜಿನಲ್ಲಿ, ಆ ವಿಷಯ ಕಲಿಸುವ ಕುಂಥುನಾಥ ಮಾಸ್ತರರ ಫಜೀತಿ ಶುರುವಾದದ್ದು ಹೀಗೆ. ವಿದ್ಯಾರ್ಥಿಗಳು ಪರೀಕ್ಷಕರಿಗೆ ಒಂದು ವಸ್ತುವನ್ನು ಮಾರಿ ತೋರಿಸಬೇಕು. ಕರಗಿದ ಸಾಬೂನನ್ನು ಯಾರು ಕೊಳ್ಳುತ್ತಾರೆ? ಮಾಸ್ತರರು ಮದುವೆಯಲ್ಲಿ ಮಾವ ಕೊಟ್ಟ ಕೈಗಡಿಯಾರವನ್ನೇ ಬಿಚ್ಚಿ ಮೇಜಿನ ಮೇಲಿಟ್ಟರು.

ಅವರದು ಹಂಗಾಮಿ ನೌಕರಿ. ಕೊಲ್ಹಾಪುರದಿಂದ ಬರುವ ಪರೀಕ್ಷಕ ಕಾಕಾಸಾಹೇಬರು ಒಳ್ಳೆಯ ಮಾತು ಹೇಳಿದರೆ ಕಾಯಂ ಮಾಡುವುದಾಗಿ ಪ್ರಿನ್ಸಿಪಾಲರು ಹೇಳಿದ್ದರು.

“ಅವರು ಏನ್ ಮಾಡಿದ್ರೂ ಅಡ್ಡ ಬರಬ್ಯಾಡ್ರಿ. ಹೌದ್ರಿ ಅನ್ಕೋತ ಕುಂಡರ್ರಿ,” ಎಂದರು ಇತಿಹಾಸ ಕಲಿಸುವ ಭಾವುಸಾಹೇಬರು. ಕೇಳದವರಿಗೂ ಬುದ್ಧಿ ಹೇಳುವುದು ಅವರ ಎರಡನೆಯ ವಿಷಯ.

ಹುಡುಗರು ಮಾರಾಟದ ಸೂತ್ರಗಳನ್ನು ಮಗ್ಗಿಯಂತೆ ಒಪ್ಪಿಸಿದರು. ಕಾಕಾಸಾಹೇಬರು ಆಕಳಿಸಿದರು. ಕೊನೆಗೆ ಬಂದವನು ಪಕ್ಕದ ನೂಲ ಎಂಬ ಹಳ್ಳಿಯ ಕುರುಬರ ಹುಡುಗ ಹಾಲಸಿದ್ದ. ಮರಾಠಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಅವನ ಬಾಯಿ ಏಳಲಿಲ್ಲ. ಬೆವರು ಒರೆಸಿಕೊಂಡ ಟವೆಲ್ಲನ್ನೇ ಪರೀಕ್ಷಕರ ಕೈ ಮೇಲೆ ಹೊದಿಸಿ, ಕೆಳಗಿನಿಂದ ತನ್ನ ಕೈ ತೂರಿಸಿದ. ಸಂತೆಯಲ್ಲಿ ಅವನಪ್ಪ ಕುರಿ ಮಾರುವುದು ಹಾಗೆಯೇ: ಬೆರಳು ಒತ್ತಿ ದರ ಹೇಳಬೇಕು, ಮೂರನೆಯವನಿಗೆ ತಿಳಿಯಬಾರದು.

ಮಾಸ್ತರರು ಅರ್ಧ ಎದ್ದು, ಭಾವುಸಾಹೇಬರ ಮಾತು ನೆನೆದು ಮತ್ತೆ ಕುಳಿತರು. ಕುರುಂದವಾಡದ ರೈತರ ಮನೆಯಲ್ಲಿ ಹುಟ್ಟಿದ ಕಾಕಾಸಾಹೇಬರ ಮುಖ ಮಾತ್ರ ಅರಳಿತು. ಅವರು ಒಲ್ಲೆನೆಂದು ತಲೆಯಾಡಿಸಿದರು, ಹುಡುಗ ಕೈ ಎಳೆದುಕೊಂಡ, ಅವರು ಮತ್ತೆ ಹಿಡಿದರು. ವ್ಯಾಪಾರ ಕುದುರಿತು. ಹುಡುಗನ ಕೈಗೆ ಒಂದು ನೋಟಿಟ್ಟು ಕಾಕಾಸಾಹೇಬರು ಗಡಿಯಾರವನ್ನು ಜೇಬಿಗೆ ಇಳಿಸಿದರು.

“ಭಾಳ ಸೋವಿ ಸಿಕ್ತು. ಟವೆಲ್ ತಗದ ಮ್ಯಾಲ ಮಾತು ತಿರಗಂಗಿಲ್ಲ. ಹೌದಲ್ರಿ ಮಾಸ್ತರ?”

ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತ ಕುಂಥುನಾಥರು ಬರಿದಾದ ಮಣಿಕಟ್ಟನ್ನು ಉಜ್ಜಿಕೊಂಡರು. ಕಾಯಂ ಆದರೆ ಇಂಥ ಗಡಿಯಾರ ಎಷ್ಟೋ ಬರುತ್ತವೆ ಎಂದು ಸಮಾಧಾನ ಮಾಡಿಕೊಂಡರು.

“ಹೌದ್ರಿ.”

ಸಂಜೆ ಪ್ರಿನ್ಸಿಪಾಲರ ಕೋಣೆಯಲ್ಲಿ ಕಾಕಾಸಾಹೇಬರು ಗಡಿಯಾರ ತೆಗೆದು ಮೇಜಿನ ಮೇಲಿಟ್ಟರು.

“ತಗೋರಿ ಮಾಸ್ತರ. ನಿಮ್ಮ ಮಣಿಕಟ್ಟಿನ ಬಿಳಿ ಗುರ್ತು ನೋಡೇ ಇದು ನಿಮ್ಮದಂತ ಗೊತ್ತಾತು. ಹುಡುಗಗ ಪೂರ್ತಿ ಮಾರ್ಕ್ಸ್ ಕೊಟ್ಟೇನಿ.” ಆಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿದರು. “ಮನಷ್ಯಾ ಛಲೋ ಅದಾರ. ಆದ್ರ ತಮ್ಮ ವಸ್ತು ಕಣ್ಣ ಮುಂದ ಹೋದ್ರೂ ಬ್ಯಾಡ ಅನ್ನಾಕ ಬರದವರು ವ್ಯಾಪಾರ ಹೆಂಗ ಕಲಸ್ತಾರ? ಇನ್ನೊಂದು ವರ್ಷ ಹಂಗಾಮಿನೇ ಇರಲಿ.”

ಕುಂಥುನಾಥರಿಗೆ ಅಳು ಬಂದಂತಾಯಿತು. ಸಿಟ್ಟೂ ಬಂತು. ಆ ಮಾತಿನಲ್ಲಿ ಸುಳ್ಳಿಲ್ಲವಲ್ಲ ಎಂಬುದೇ ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

“ನಿಮ್ಮದೇನಾರ ತಕರಾರು ಐತೇನ್ರಿ? ಇದ್ರ ಈಗ ಹೇಳ್ರಿ,” ಎಂದರು ಪ್ರಿನ್ಸಿಪಾಲರು ಮೆತ್ತಗೆ. “ಇಲ್ಲಾಂದ್ರ ಹಂಗ ಬರೀತೇನಿ. ಆಗಬಹುದಲ್ರಿ?”

ಮಾಸ್ತರರು ಬಾಯಿ ತೆರೆದರು.

“ಹೌದ್ರಿ,” ಅಂದರು.