ಗಾದಿಲಿಂಗನ ಸಕ್ಕರೆ ಕಾಯಿಲೆ

ಗಾದಿಲಿಂಗ ಮಾಡಿದ ತಪ್ಪು ಒಂದೇ, ಪಾತ್ರವನ್ನು ಅತಿ ಚೆನ್ನಾಗಿ ಮಾಡಿದ್ದು.

ಗಾದಿಗನೂರಿನಲ್ಲಿ ಲಾರಿಗಳಿಗೆ ಪಂಕ್ಚರ್ ಹಾಕುವ ಅವನು ಬಯಲಾಟದ ಭೀಮನೆಂದು ಹೆಸರಾದವನು. ಅದಕ್ಕೇ ನರ್ಸ್ ಸೌಜನ್ಯ ಮೇಡಂ ಸಕ್ಕರೆ ಕಾಯಿಲೆಯ ಬಗ್ಗೆ ಬೀದಿನಾಟಕ ಆಡಿಸುವಾಗ ರೋಗಿಯ ಪಾತ್ರ ಅವನಿಗೇ ಕೊಟ್ಟರು. ಅರ್ಧಂಬರ್ಧ ಕೆಲಸ ಅವನಿಗೆ ಗೊತ್ತಿಲ್ಲ. ಕಟ್ಟೆಯ ಮೇಲೆ ನಿಜವಾದ ನೀರನ್ನೇ ಚರಗಿಗಟ್ಟಲೆ ಕುಡಿದ. ಮಾತಿನ ಮಧ್ಯೆ ಎದ್ದು ಗೋಡೆಯ ಹಿಂದಕ್ಕೆ ಓಡಿದ, ಬಂದ, ಮತ್ತೆ ಓಡಿದ. ಕುಂಕುಮ ಕಲಸಿ ಹಚ್ಚಿದ ಕಾಲಿನ ಗಾಯ ತೋರಿಸಿ, "ಮುಳ್ಳು ಚುಚ್ಚಿದ್ದು ಗೊತ್ತಾಗ್ಲಿಲ್ರೆಪ" ಎಂದು ಅತ್ತಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕೊನೆಗೆ ಮೇಡಂ, ನಾಳೆ ಸಂಜೆ ಇಲ್ಲೇ ರಕ್ತ ನೋಡುತ್ತೇನೆ, ಯಾರ ಗುಟ್ಟೂ ಹೊರಗೆ ಬಿಡುವುದಿಲ್ಲ ಎಂದು ಸಾರಿದರು. ನಾಟಕ ಮುಗಿದಾಗ ಒಬ್ಬರೂ ಚಪ್ಪಾಳೆ ಹೊಡೆಯಲಿಲ್ಲ. ಅವನಿಗೆ ಆಗಲೇ ಅನುಮಾನ ಬರಬೇಕಿತ್ತು.

ಮರುದಿನ ಬೆಳಿಗ್ಗೆ ಪಕೀರಮ್ಮನ ಹೋಟೆಲಿನಲ್ಲಿ ಚಹಾ ಬಾಯಿಗಿಟ್ಟವನ ಮುಖ ಸಣ್ಣಗಾಯಿತು.

"ಅಕ್ಕ, ಸಕ್ರಿ ಹಾಕೋದು ಮರ್ತಿ."

"ಮರ್ತಿಲ್ಲಪ. ನೆನಪಿಟ್ಟೇ ಬಿಟ್ಟೀನಿ."

"ಅದು ನಾಟಕ ಅಕ್ಕ."

"ಭೀಮನ ಪಾರ್ಟಿನಾಗ ನೀ ಯಾವತ್ತರ ಅತ್ತೀಯೇನು? ಗಂಡಸ್ರು ಸುಮ್ಸುಮ್ನೆ ಅಳಂಗಿಲ್ಲ."

ಬೆಂಚಿನ ಮೇಲಿದ್ದ ಪಕ್ಕದ ಮನೆಯ ಮೂಕಣ್ಣ ಅಷ್ಟರಲ್ಲಿ ಇವನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಗಾಯ ಹುಡುಕತೊಡಗಿದ್ದ.

"ಕುಂಕುಮ ಅದು, ತೊಳಕೊಂಡೆ" ಎಂದ ಗಾದಿಲಿಂಗ.

"ಇರ್ಲಿ. ರಾತ್ರಿ ಎಷ್ಟು ಸಲ ಏಳ್ತಿ? ಕಣ್ಣು ಮಂಜಾಗ್ತಾವೇನು? ನೀ ಒಂದಕ್ಕ ಹೋದಲ್ಲಿ ಇರುವಿ ಬರ್ತಾವೇನಲೇ?"

ಮೂಕಣ್ಣ ಪರೀಕ್ಷೆಗೆ ಕೂರುವವನಂತೆ ಒಂದೊಂದನ್ನೂ ಕೆದಕಿ ಕೆದಕಿ ಕೇಳಿದ. ಗಾದಿಲಿಂಗ ಕಾಲು ಬಿಡಿಸಿಕೊಂಡು ಮನೆ ಸೇರಿದ. ಈ ಸಪ್ಪೆ ಚಹಾಕ್ಕೆಲ್ಲ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಅವತ್ತು ಕಂಪ್ಲಿಯಲ್ಲಿ ಮಾವನ ಮನೆಯ ಗೃಹಪ್ರವೇಶ. ಹೊಸ ಒಲೆಯ ಮೊದಲ ಹೋಳಿಗೆ ಹಿರಿಯ ಅಳಿಯನ ಎಲೆಗೆ ಬೀಳಬೇಕೆಂಬುದು ಆ ಮನೆಯ ಪದ್ಧತಿ. ಆ ಹೋಳಿಗೆಗಾಗಿ ಅವನು ಮನೆಯ ಪಾಯ ತೋಡಿದಾಗಿನಿಂದ ಕಾದಿದ್ದ.

ಬಸ್ಸು ಹೊಸಪೇಟೆ ದಾಟಿದ ಮೇಲೆ ಹೆಂಡತಿ ದುರ್ಗಾ ಮೆಲ್ಲಗೆ ಕೇಳಿದಳು, "ಖರೇ ಹೇಳ್ರಿ, ನಿನ್ನೆ ರಾತ್ರಿ ಯಾಕ ಅಷ್ಟು ಸಲ ಎದ್ರಿ?"

"ನಾಟಕದಾಗ ಕುಡಿದ ನೀರು ಎಲ್ಲಿಗೆ ಹೋಗಬೇಕು?"

ಅವಳು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡತೊಡಗಿದಳು.

ನಾಟಕದ ವಿಡಿಯೊ ಇವರಿಗಿಂತ ಮೊದಲೇ ಕಂಪ್ಲಿ ಮುಟ್ಟಿತ್ತು. ಪಂಕ್ತಿಯಲ್ಲಿ ಮೊದಲ ಎಲೆ ಗಾದಿಲಿಂಗನದೇ. ಅತ್ತೆ ನೀಲಗಂಗಮ್ಮ ಹೋಳಿಗೆಯ ಬುಟ್ಟಿ ಹಿಡಿದು ಬಂದಳು, ಅವನ ಎಲೆಯ ಮುಂದೆ ಒಂದು ಕ್ಷಣ ನಿಂತಳು, ಮುಂದಿನ ಎಲೆಗೆ ಹೋದಳು. ಅಲ್ಲಿ ಕೂತಿದ್ದವನು ಕಿರಿಯ ಅಳಿಯ ಯಲ್ಲೇಶ್. ಅವನ ಎಲೆಗೆ ಹೋಳಿಗೆ ಬಿತ್ತು, ಮೇಲೆ ತುಪ್ಪವೂ ಬಿತ್ತು. ಗಾದಿಲಿಂಗನ ಎಲೆಗೆ ಬಂದದ್ದು ಒಂದು ಜೋಳದ ರೊಟ್ಟಿ, ರಾಶಿ ಹಾಗಲಕಾಯಿ ಪಲ್ಯ.

"ಬ್ಯಾರೆ ಒಲಿ ಹಚ್ಚಿ ನಿಮಗಂತಾನೇ ಮಾಡೀನಿ ಅಳಿಯಾರ" ಎಂದಳು ಅತ್ತೆ. ಇನ್ನೊಂದು ಸೌಟು ಪಲ್ಯ ಬಡಿಸಿದಳು.

ಅವಮಾನವಾಗಿದ್ದರೆ ಎದ್ದು ಹೋಗಬಹುದಿತ್ತು. ಇದು ಪ್ರೀತಿ. ಗಾದಿಲಿಂಗ ಕಣ್ಣು ಮುಚ್ಚಿ ಪಲ್ಯ ನುಂಗಿದ. ಅವನಿಗೆ ನಿಜಕ್ಕೂ ಅಳು ಬಂತು. ಅದನ್ನು ಕಂಡು ಸುತ್ತಲಿನವರಿಗೆ ಉಳಿದಿದ್ದ ಸಂಶಯವೂ ಹೋಯಿತು.

ಕೈ ತೊಳೆದವನೇ ಅತ್ತೆಗೆ ಹೇಳಿದ, "ಇವತ್ತು ಸಂಜಿಗೆ ನಮ್ಮೂರಾಗ ಸೌಜನ್ಯ ಮೇಡಂ ರಕ್ತ ನೋಡ್ತಾರ. ಏನೂ ಇಲ್ಲಂತ ಬಂದ್ರ?"

"ಬರ್ಲಿ, ನನಗ ಬ್ಯಾಡಾಗೈತೇನು?" ಎಂದು ನೀಲಗಂಗಮ್ಮ ಒಂದು ಡಬ್ಬಿ ತುಂಬ ಹೋಳಿಗೆ ಹಾಕಿ ಮಗಳ ಕೈಗೆ ಕೊಟ್ಟಳು. "ಮೇಡಂ ಕಾಯಿಲಿ ಇಲ್ಲ ಅನ್ನೋತನಕ ಮುಚ್ಚಳ ತೆಗಿಬ್ಯಾಡ."

ಊರಿನ ಕಟ್ಟೆಯಲ್ಲಿ ಸೌಜನ್ಯ ಮೇಡಂ ಮಷಿನ್ ಇಟ್ಟುಕೊಂಡು ಒಬ್ಬರೇ ಕೂತಿದ್ದರು. ಸುತ್ತ ಜನ ಇದ್ದರು, ಬೆರಳು ಕೊಡುವವರು ಮಾತ್ರ ಇರಲಿಲ್ಲ. ಗಾದಿಲಿಂಗ ನುಗ್ಗಿ ಬೆರಳು ಚಾಚಿದ.

"ನಾರ್ಮಲ್" ಎಂದರು ಮೇಡಂ.

ಗಾದಿಲಿಂಗ ಗದೆ ಎತ್ತಿದ ಭೀಮನ ಹಾಗೆ ಜನರತ್ತ ತಿರುಗಿದ. ಗುಂಪಿನಿಂದ ಪಕೀರಮ್ಮ ಮುಂದೆ ಬಂದಳು.

"ನೋಡಿದ್ರ್ಯಾ? ಬೆಳಿಗ್ಗಿ ಸಕ್ರಿ ಬಿಡಿಸಿದ್ದಕ್ಕ ಸಂಜಿಗೇ ಇಳದೈತಿ."

"ಹಾಗಲ್ಲಮ್ಮ, ಒಂದು ದಿನಕ್ಕೆ ಹಾಗೆಲ್ಲ ಇಳಿಯಲ್ಲ. ಇವರಿಗೆ ಕಾಯಿಲೆನೇ ಇಲ್ಲ" ಎಂದರು ಮೇಡಂ.

"ಯಾರ ಗುಟ್ಟೂ ಬಿಡಂಗಿಲ್ಲ ಅಂತ ನಿನ್ನೆನೇ ಹೇಳ್ಯಾರಲ್ಲ. ಮೇಡಂ ಮಾತಂದ್ರ ಮಾತು" ಎಂದು ಪಕೀರಮ್ಮ ಮೆಚ್ಚಿ ತಲೆದೂಗಿದಳು.

ನೋಡುತ್ತಿದ್ದಂತೆ ಸಾಲು ಬೆಳೆಯಿತು. ಎಲ್ಲರಿಗಿಂತ ಮುಂದೆ ಮೂಕಣ್ಣ ನಿಂತಿದ್ದ. ಅವನದು ಮುನ್ನೂರು ದಾಟಿತ್ತು.

"ಹೆದರಬೇಡಿ. ಮಾತ್ರೆ, ಊಟದ ಹಿಡಿತ, ದಿನಾ ನಡಿಗೆ. ಇದನ್ನ ಹತೋಟಿಯಲ್ಲಿ ಇಡಬಹುದು. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬನ್ನಿ, ಇನ್ನೊಂದ್ಸಲ ನೋಡಿ ಡಾಕ್ಟರ ಹತ್ರ ಕಳಿಸ್ತೀನಿ" ಎಂದರು ಮೇಡಂ.

ಮೂಕಣ್ಣನಿಗೆ ಅದು ಕೇಳಿಸಿತೋ ಇಲ್ಲವೋ, ಅವನು ಗಾದಿಲಿಂಗನ ಕೈ ಹಿಡಿದುಕೊಂಡ. "ನಾ ಹೋದಲ್ಲಿ ಇರುವಿ ಬರ್ತಾವಲೇ. ಹೆದರಿ ಯಾರಿಗೂ ಹೇಳಿದ್ದಿಲ್ಲ. ನಿನ್ನ ನೋಡಿ ಧೈರ್ಯ ಬಂತು. ನೀ ಬಾಯಿ ಕಟ್ಟಿದ್ರ ನಾನೂ ಕಟ್ತೀನಿ. ನೀ ತಿಂದಿ ಅಂದ್ರ ನನ್ನ ಕೈಲೂ ಆಗಂಗಿಲ್ಲ."

ನಿಜ ಹೇಳಲು ತೆರೆದಿದ್ದ ಬಾಯನ್ನು ಗಾದಿಲಿಂಗ ಮುಚ್ಚಿದ. ಮೂಕಣ್ಣನ ಮೇಲೆ ಅವನಿಗೆ ಮರುಕ ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಇನ್ನು ಉಳಿದದ್ದು ಮನೆಯ ನಾಲ್ಕು ಗೋಡೆಗಳೊಳಗಿನ ಡಬ್ಬಿಯೊಂದೇ.

ಮನೆಗೆ ಬಂದವನೇ ಬಾಗಿಲು ಹಾಕಿ, ಚಿಲಕ ಸಿಕ್ಕಿಸಿ, ಡಬ್ಬಿಯ ಮುಂದೆ ಕೂತ. ದುರ್ಗಾ ತವರಿಗೆ ಫೋನ್ ಹಚ್ಚಿದಳು.

"ಯವ್ವ, ಏನೂ ಇಲ್ಲಂತ. ನಾರ್ಮಲ್ ಐತಂತ."

ಆ ಕಡೆಯಿಂದ ನೀಲಗಂಗಮ್ಮನ ಉಸಿರು ಹಗುರಾದದ್ದು ಗಾದಿಲಿಂಗನಿಗೂ ಕೇಳಿಸಿತು. ಅವನ ಕೈ ಮುಚ್ಚಳದ ಮೇಲಿತ್ತು.

"ದೇವ್ರು ದೊಡ್ಡಾವ. ಒಂದೇ ಹೊತ್ತಿನ ಹಾಗಲಕಾಯಿಗೆ ಇಷ್ಟು ಇಳೀತಂದ್ರ ಈಗ ಬಿಡಬಾರ್ದವ್ವ. ಆ ಡಬ್ಬಿ ಮಂದಿಗೆ ಹಂಚಿಬಿಡು. ನಾಳೆ ಮೊದಲ ಬಸ್ಸಿಗೆ ಒಂದು ಚೀಲ ಹಾಗಲಕಾಯಿ ಕಳಸ್ತೀನಿ."