ಮಾರ್ಗ ತಿರುಗಿಸುವ ವಿದ್ಯೆ

ಒಳ್ಳೆಯ ಮಾತು ಹೇಳಲು ಹೊರಟವನಿಗೇ ಫಜೀತಿಗಳು ಹೆಚ್ಚು. ಐವತ್ತು-ಅರವತ್ತರ ದಶಕಗಳಲ್ಲಿ ನಾನು ಪುತ್ತೂರಿಗೂ ಸುಳ್ಯಕ್ಕೂ ನಡುವಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರಾಗಿದ್ದೆ. ಪಾಠದ ಜತೆಗೆ, ಮಕ್ಕಳನ್ನು ವಿಜ್ಞಾನಕ್ಕೆ ಸೇರಿಸಿ ಎಂದು ಮನೆಮನೆ ತಿರುಗುವುದೂ ನನ್ನ ಕುತ್ತಿಗೆಗೇ ಬಿದ್ದಿತ್ತು. ಸಂಬಳ ಪಾಠಕ್ಕೆ ಮಾತ್ರ. ತಿರುಗಿದ್ದಕ್ಕೆ ಸಿಕ್ಕಿದ್ದು ಮಜ್ಜಿಗೆ ಮತ್ತು ಈ ಪ್ರಸಂಗಗಳು.

ಎಂಜಿನಿಯರ್ ಎಂದರೆ

ಶಾಲೆಗೆ ವಿಜ್ಞಾನ ವಿಭಾಗ ಬಂದ ವರ್ಷ ಅದಕ್ಕೆ ಸೇರುವ ಮಕ್ಕಳೇ ಇರಲಿಲ್ಲ. ಹೆಡ್‌ಮಾಸ್ಟ್ರು ನನ್ನನ್ನು ಊರಿನ ಯಜಮಾನರೊಬ್ಬರ ಮನೆಗೆ ಕಳಿಸಿದರು. ಅವರ ಹಿರಿಮಗ ಲೆಕ್ಕದಲ್ಲಿ ಚುರುಕು, ವಿಜ್ಞಾನವೆಂದರೆ ಆಸೆ. ಅವನೊಬ್ಬ ಸೇರಿದರೆ ಉಳಿದವರು ತಾವಾಗಿ ಬರುತ್ತಾರೆ ಎಂಬುದು ಹೆಡ್‌ಮಾಸ್ಟ್ರ ಅಂದಾಜು.

"ಅದನ್ನು ಕಲಿತು ಎಂತ ಆಗುದು?" ಯಜಮಾನರು ಕೇಳಿದರು.

"ಎಂಜಿನಿಯರ್ ಆಗಬಹುದು" ಎಂದೆ.

ಅವರ ಮುಖ ಸಣ್ಣದಾಯಿತು. ಹಿಂದಿನ ತಿಂಗಳಷ್ಟೇ ಸರಕಾರದ ಎಂಜಿನಿಯರರೊಬ್ಬರು ಹೊಸ ಮಾರ್ಗದ ಅಳತೆಗೆಂದು ಬಂದು, ಇವರ ತೋಟದ ಅಂಚಿನಲ್ಲಿ ಸಾಲಾಗಿ ಗೂಟ ಹೊಡೆಸಿ, ಇವರ ಮನೆಯಲ್ಲೇ ಪಾಯಸದ ಊಟ ಮಾಡಿ ಹೋಗಿದ್ದರು.

"ತೋಟಕ್ಕೆ ಗೂಟ ಹೊಡೆಯುವವನನ್ನು ನಾನೇ ಅನ್ನ ಹಾಕಿ ಸಾಕುದಾ ಮಾಸ್ಟ್ರೇ?"

ನಾನು ಎದ್ದು ಚಪ್ಪಲಿ ಮೆಟ್ಟಿದೆ. ಅಂಗಳ ದಾಟುವಾಗ ಹಿಂದಿನಿಂದ ಕರೆದರು.

"ಅಲ್ಲ ಮಾಸ್ಟ್ರೇ, ಆ ಗೂಟವನ್ನು ಆಚೆಮನೆಯವರ ಜಾಗಕ್ಕೆ ಸರಿಸ್ಬೇಕಾದರೂ ಎಂಜಿನಿಯರೇ ಬೇಕಲ್ವಾ?"

"ಬೇರೆಯವರು ಮುಟ್ಟುವ ಹಾಗಿಲ್ಲ."

"ಕಲಿತು ಮುಗಿಸ್ಲಿಕ್ಕೆ ಎಷ್ಟು ಸಮಯ ಬೇಕು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಏಳೆಂಟು ವರ್ಷ ಹಿಡಿಯಬಹುದು. ಅಷ್ಟರಲ್ಲಿ ಮಾರ್ಗವೇ ಆಗಿ ಹೋದೀತು" ಎಂದೆ.

ಯಜಮಾನರು ಆ ದಿನ ಮೊದಲ ಬಾರಿ ನಕ್ಕರು. "ಸರಕಾರದ ಮಾರ್ಗ ಅಲ್ವಾ ಮಾರಾಯ್ರೆ? ಹುಡುಗ ನಿಧಾನಕ್ಕೆ ಕಲೀಲಿ."

ಗೂಟದ ಮಹಿಮೆ

ಯಜಮಾನರ ಮಗ ಸೇರಿದರೂ ಹೆಚ್ಚಿನ ಬೆಂಚುಗಳು ಖಾಲಿಯೇ ಇದ್ದವು. ಊರಿನವರು ಅವರನ್ನು ಗೌರವಿಸುತ್ತಿದ್ದರು, ಅನುಕರಿಸುತ್ತಿರಲಿಲ್ಲ. ಇದ್ದ ನಾಲ್ಕು ಮಕ್ಕಳಿಗೇ ಪಾಠ ಶುರುಮಾಡಿದೆ.

ಒಂದು ಸಂಜೆ ಅವರನ್ನು ಶಾಲೆಯ ಹಿಂದಿನ ಗುಡ್ಡೆಗೆ ಕರೆದುಕೊಂಡು ಹೋಗಿ, ಹಗ್ಗ ಮತ್ತು ಗೂಟ ಇಟ್ಟುಕೊಂಡು ಜಾಗ ಅಳೆಯುವ ಕ್ರಮ ತೋರಿಸಿದೆ. ಮಳೆ ಬಂತೆಂದು ಗೂಟಗಳನ್ನು ಅಲ್ಲೇ ಬಿಟ್ಟು ಓಡಿಬಂದೆವು. ಬೆಳಗ್ಗೆ ನೋಡುವಾಗ ಒಂದು ಗೂಟವೂ ಇರಲಿಲ್ಲ. ಶಾಲೆಯ ಜಗಲಿಯಲ್ಲಿ ಮಾತ್ರ ಗುಡ್ಡೆಯ ಸುತ್ತಮುತ್ತ ಜಾಗ ಇದ್ದ ಮನೆಗಳವರೆಲ್ಲ ಮಕ್ಕಳನ್ನು ಕೈಹಿಡಿದುಕೊಂಡು ನಿಂತಿದ್ದರು.

"ನಮ್ಮವನನ್ನೂ ವಿಜ್ಞಾನಕ್ಕೆ ಹಾಕಿ" ಎಂದರು ಒಬ್ಬರು. "ಕುಂಬ್ರ ಕಡೆಯಿಂದ ಇನ್ನೊಂದು ಮಾರ್ಗ ಬರ್ತದಂತಲ್ಲ."

"ಮಾರ್ಗ ಇಲ್ಲ, ಅದು ಮಕ್ಕಳಿಗೆ ಪಾಠ" ಎಂದೆ.

"ಮೊದಲು ಎಲ್ಲರೂ ಹಾಗೇ ಹೇಳುದು" ಎಂದು ಅವರು ಉಳಿದವರ ಕಡೆ ನೋಡಿದರು. ಉಳಿದವರು ತಲೆಯಾಡಿಸಿದರು.

ನಾನು ಇನ್ನೂ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮಾಸ್ಟ್ರು ಕಣ್ಣಲ್ಲೇ ಸುಮ್ಮನಿರಿಸಿ, ಎಲ್ಲರ ಹೆಸರನ್ನೂ ಬರೆದುಕೊಂಡರು. ಮರುವರ್ಷ ಮತ್ತೆ ಮಕ್ಕಳು ಕಡಿಮೆಯಾದಾಗ ಅವರು ನನ್ನನ್ನು ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಕೇಳಿದರು, "ಈ ವರ್ಷದ ಗೂಟ ಯಾವಾಗ?"

ವಾಸನೆ

ಪ್ರಯೋಗಶಾಲೆ ಎಂದು ನಾವು ಕರೆಯುತ್ತಿದ್ದುದು ಮೊದಲು ಸೌದೆ ಹಾಕುತ್ತಿದ್ದ ಕೋಣೆ. ಅದರಲ್ಲಿ ಒಂದು ದಿನ ಗಂಧಕ ಸೇರಿದ ಅನಿಲವೊಂದನ್ನು ತಯಾರಿಸಿ ತೋರಿಸಿದೆ. ಕೊಳೆತ ಮೊಟ್ಟೆಯ ವಾಸನೆ ಅದರ ಗುರುತು. ಕೋಣೆಗೆ ಇದ್ದುದು ಒಂದೇ ಕಿಟಕಿ. ವಾಸನೆ ಮಕ್ಕಳ ಅಂಗಿಗೆ ಹಿಡಿದು ಅವರ ಜತೆಗೇ ಮನೆಗೆ ಹೋಯಿತು.

ಮರುದಿನ ಯಜಮಾನರ ಮಗ ಶಾಲೆಗೆ ಬರಲಿಲ್ಲ. ನಾನೇ ಅವರ ಮನೆಗೆ ಹೋದೆ. ಹುಡುಗ ಕಂಬಕ್ಕೊರಗಿ ಅಳುಮುಖ ಮಾಡಿಕೊಂಡಿದ್ದ. ಅವನ ಅಜ್ಜಿ, ಅಂದರೆ ಯಜಮಾನರ ತಾಯಿ, ಜಗಲಿಯಲ್ಲಿ ಕೂತು ತೀರ್ಪು ಕೊಟ್ಟಾಗಿತ್ತು.

"ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ತಿನ್ನಿಸ್ತಾರೆ. ನಿನ್ನೆ ಇವ ಒಳಗೆ ಬಂದ ಕೂಡಲೇ ನನಗೆ ಗೊತ್ತಾಯ್ತು. ಆ ವಿಜ್ಞಾನ ನಮಗೆ ಬೇಡ."

ಅದು ಮೊಟ್ಟೆಯ ಹೆಸರೂ ಎತ್ತದ ಮನೆ. ಗಂಧಕದ ವಿಷಯ ಹೇಳಿದೆ, ಅಜ್ಜಿ ನಂಬಲಿಲ್ಲ. ಹುಡುಗನ ಓದು ಇಲ್ಲಿಗೇ ಮುಗಿಯಿತು ಎಂದುಕೊಂಡು, ಏನೋ ಕೇಳಬೇಕೆಂದು ಕೇಳಿದೆ.

"ಅಜ್ಜೀ, ಅದು ಮೊಟ್ಟೆಯದ್ದೇ ವಾಸನೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಯಜಮಾನರು ತಾಯಿಯ ಮುಖ ನೋಡಿದರು. ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದರು.

"ಮಾಸ್ಟ್ರಿಗೆ ಕಾಫಿ ಕೊಡಿ. ಹುಡುಗನನ್ನು ಈಗಲೇ ಕರ್ಕೊಂಡು ಹೋಗ್ಲಿ, ಪಾಠ ತಪ್ಪುದು ಬೇಡ."

ಸಂದರ್ಶನ

ಹುಡುಗ ಹೈಸ್ಕೂಲಿನಲ್ಲೂ ಆಮೇಲೆ ಕಾಲೇಜಿನಲ್ಲೂ ಒಳ್ಳೆಯ ಅಂಕ ತೆಗೆದ. ಎಂಜಿನಿಯರಿಂಗ್ ಕಾಲೇಜಿನ ಸಂದರ್ಶನಕ್ಕೆ ಕರೆ ಬಂತು. "ಯಾಕೆ ಎಂಜಿನಿಯರ್ ಆಗಬೇಕು ಎಂದು ಕೇಳಿದರೆ ದೇಶಸೇವೆಗೆ ಎನ್ನು" ಎಂದು ಹೇಳಿಕೊಟ್ಟು ಬಸ್ಸು ಹತ್ತಿಸಿದೆ.

ಅವನಿಗಿಂತ ಮೊದಲು ಒಳಗೆ ಹೋದವರೆಲ್ಲ ದೇಶಸೇವೆಯನ್ನೇ ಹೇಳಿದ್ದರಂತೆ. ಇವನ ಸರದಿ ಬಂದಾಗ ಹೇಳಿಕೊಟ್ಟದ್ದನ್ನು ಹೆದರಿಕೆಯಿಂದ ಮರೆತು, ಇದ್ದದ್ದನ್ನೇ ಹೇಳಿಬಿಟ್ಟ: "ನಮ್ಮ ತೋಟಕ್ಕೆ ಬರುವ ಮಾರ್ಗವನ್ನು ಆಚೆಮನೆಯವರ ಜಾಗಕ್ಕೆ ತಿರುಗಿಸ್ಲಿಕ್ಕೆ."

ಸಂದರ್ಶನಕ್ಕೆ ಕೂತಿದ್ದ ಹಿರಿಯರು ನಕ್ಕು, "ಹಾಗಾದರೆ ತಿರುಗಿಸ್ತೀಯಾ?" ಎಂದು ಕೇಳಿದರಂತೆ.

"ಅಳತೆ ಮಾಡಿ ನೋಡದೆ ಹೇಳ್ಲಿಕ್ಕೆ ಆಗುದಿಲ್ಲ" ಎಂದನಂತೆ ಇವನು.

ಸೀಟು ಸಿಕ್ಕಿತು. ನಾನು ಓಡಿಹೋಗಿ ಯಜಮಾನರಿಗೆ ಎಲ್ಲವನ್ನೂ ವರದಿ ಮಾಡಿದೆ. ಅವರಿಗೆ ಒಂದು ಮಾತು ಮಾತ್ರ ಹಿಡಿಸಲಿಲ್ಲ.

"ಅಳತೆ ಎಂತಕ್ಕೆ ಮಾಸ್ಟ್ರೇ? ಎಲ್ಲಿಗೆ ಅಂತ ನಾನು ಹೇಳಿದ್ದೇನಲ್ಲ."

ದುರ್ಬೀನು

ಹುಡುಗ ಓದಿ ಮುಗಿಸಿ ಸರಕಾರಿ ಎಂಜಿನಿಯರನಾದ. ಕೆಲವು ವರ್ಷ ಎಲ್ಲೆಲ್ಲೋ ಇದ್ದು, ವರ್ಗವಾಗಿ ನಮ್ಮ ಕಡೆಗೇ ಬಂದ. ಮಾರ್ಗ ಆಗಲೂ ಕಾಗದದ ಮೇಲೆಯೇ ಇತ್ತು. ಹಳೆಯ ಗೂಟಗಳನ್ನು ಗೆದ್ದಲು ತಿಂದಿತ್ತು. ಹೊಸದಾಗಿ ಅಳತೆ ಮಾಡುವ ಕೆಲಸ ಇವನ ಪಾಲಿಗೇ ಬಂತು.

ಯಜಮಾನರು ಆ ದಿನ ಇಸ್ತ್ರಿಯ ಅಂಗಿ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ತೋಟಕ್ಕೆ ಹೋದರು. ಆಚೆಮನೆಯವರು ಬೇಲಿಯ ಹತ್ತಿರ ಪೆಚ್ಚಾಗಿ ನಿಂತಿದ್ದರು. ಅವರ ಮಗ ವಿಜ್ಞಾನ ಕಲಿತಿರಲಿಲ್ಲ.

ಹುಡುಗ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಅಳತೆಯ ದುರ್ಬೀನು ನಿಲ್ಲಿಸಿ ಒಂದು ಕಣ್ಣು ಮುಚ್ಚಿ ನೋಡಿದ. ಬರೆದುಕೊಂಡ. ಇನ್ನೊಂದು ಕಡೆಗೆ ಹೋಗಿ ನಿಲ್ಲಿಸಿ ನೋಡಿದ. ಮಧ್ಯಾಹ್ನದ ಹೊತ್ತಿಗೆ ಗೂಟ ಹೊಡೆಸಲು ಶುರುಮಾಡಿದ. ಒಂದು ಗೂಟವೂ ಆಚೆಮನೆಯವರ ಜಾಗಕ್ಕೆ ಬೀಳಲಿಲ್ಲ. ಹಿಂದಿನ ಎಂಜಿನಿಯರರು ತೋಟದ ಅಂಚಿಗೆ ಹೊಡೆಸಿದ್ದರೆ, ಇವನ ಗೂಟಗಳು ತೋಟದ ನಟ್ಟನಡುವೆ ಹೊರಟು ಕೊಟ್ಟಿಗೆಯ ಬಾಗಿಲಿಗೆ ಮುಟ್ಟಿದವು.

"ಎಂತ ಮಾರಾಯ ಇದು? ಇದು ನಮ್ಮ ತೋಟ" ಯಜಮಾನರು ಹತ್ತಿರ ಹೋದರು.

"ಹೌದು ಅಪ್ಪ. ಅಂಚಿನಲ್ಲಿ ಹೋದರೆ ತಿರುವಿಗೆ ಜಾಗ ಸಾಲುದಿಲ್ಲ. ಸಂಪಾಜೆ ಘಾಟಿ ಇಳಿದು ಬರುವ, ಮರ ಹೇರಿದ ಲಾರಿ ನೇರ ತೋಡಿನ ನೀರಿಗೆ ಬೀಳ್ತದೆ. ಆಚೆಮನೆಯವರ ಜಾಗದಲ್ಲಿ ಹೋದರೆ ಏರು ಜಾಸ್ತಿ. ನೀವೇ ನೋಡಿ ಬೇಕಾದರೆ."

ಯಜಮಾನರು ದುರ್ಬೀನಿಗೆ ಕಣ್ಣಿಟ್ಟರು. ಆ ಕಾಲದ ಅಳತೆಯ ದುರ್ಬೀನಿನಲ್ಲಿ ಕಂಡದ್ದೆಲ್ಲ ಬುಡಮೇಲಾಗಿ ಕಾಣುತ್ತಿತ್ತು. ಅವರ ತೆಂಗಿನಮರಗಳು ಆಕಾಶದಿಂದ ಕೆಳಗೆ ನೇತುಬಿದ್ದಿದ್ದವು, ಕೊಟ್ಟಿಗೆಯ ಹಂಚಿನ ಮಾಡು ಕೆಳಗಾಗಿ ನಿಂತಿತ್ತು. ಬಹಳ ಹೊತ್ತು ನೋಡಿ ತಲೆ ಎತ್ತಿದರು.

"ಇದರಲ್ಲಿ ನೋಡಿದರೆ ಯಾರ ಮನೆಯಾದರೂ ಹೀಗೇ ಆಗುದು" ಎಂದರು.

ಮಗ ಮುಂದಿನ ಗೂಟಕ್ಕೆ ಜಾಗ ತೋರಿಸಿದ. ಗೂಟ ಒಂದಂಗುಲವೂ ಸರಿಯಲಿಲ್ಲ. ನನಗೆ ತುಂಬ ಸಂತೋಷವಾಯಿತು. ಯಜಮಾನರ ಎದುರು ಅದನ್ನು ತೋರಿಸಿಕೊಳ್ಳುವ ಧೈರ್ಯ ಇರಲಿಲ್ಲ.

ಒಂದು ವಾರ ಅವರು ನನ್ನೊಡನೆ ಮಾತಾಡಲಿಲ್ಲ. ಆಮೇಲೊಂದು ದಿನ ಕಿರಿಮಗನನ್ನು ಕರೆದುಕೊಂಡು ಶಾಲೆಗೆ ಬಂದರು. ಆ ಹುಡುಗನೂ ವಿಷಯ ಆರಿಸಿಕೊಳ್ಳುವ ತರಗತಿಗೆ ಬಂದಿದ್ದ. ಬೈಗುಳಕ್ಕೆ ತಯಾರಾಗಿ, ಆದರೂ ಅಭ್ಯಾಸ ಬಲದಿಂದ ಕೇಳಿದೆ, "ಇವನನ್ನೂ ವಿಜ್ಞಾನಕ್ಕೇ ಬರೆದುಕೊಳ್ಳಲಾ?"

"ಬೇಡ ಮಾಸ್ಟ್ರೇ. ಇವನನ್ನು ವಕೀಲ ಮಾಡಿಸ್ತೇನೆ" ಎಂದು ಯಜಮಾನರು ನಿಧಾನವಾಗಿ ಕೂತುಕೊಂಡರು. "ಅಣ್ಣನ ಮೇಲೆ ಕೇಸು ಹಾಕ್ಲಿಕ್ಕೆ ಹೊರಗಿನವರಿಗೆ ಫೀಸು ಕೊಡುದು ಎಂತಕ್ಕೆ?"