ಫ್ರಿಜ್ಜಿಗೆ ಹೊದಿಸಿದ ಕಂಬಳಿ

ಗಂಡಸರಿಗೆ ಹೊಟ್ಟೆಕಿಚ್ಚು ಬರುವುದು ಪಕ್ಕದ ಮನೆಯವನ ಕಾರು ನೋಡಿ, ಆಫೀಸಿನಲ್ಲಿ ಜೊತೆಯವನಿಗೆ ಸಿಕ್ಕ ಬಡ್ತಿ ನೋಡಿ. ನನಗೆ ಬಂದದ್ದು ನಮ್ಮದೇ ಮನೆಯ ಫ್ರಿಜ್ ನೋಡಿ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ನಿಮ್ಮ ಹತ್ತಿರ ಮುಚ್ಚಿಡುವುದೇನು.

ನನಗೆ ಮಧುಗಿರಿಯಿಂದ ಶಿರಾಕ್ಕೆ ವರ್ಗವಾಯಿತು. ಮನೆ ಬದಲಿಸುವುದೆಂದ ಕೂಡಲೇ ನನ್ನ ಹೆಂಡತಿ ಮಂಜುಳ ಫ್ರಿಜ್ಜಿನ ಸೇವೆಗೆ ನಿಂತಳು. ಹಿಂದಿನ ದಿನವೇ ಪ್ಲಗ್ ಕಿತ್ತು, ಕರಗಿದ ಐಸಿನ ನೀರು ಬಸಿದು, ಸೋಡಾಪುಡಿಯಲ್ಲಿ ಒಳಗೆಲ್ಲ ಒರೆಸಿ, ಗಾಳಿಯಾಡಲಿ ಎಂದು ಬಾಗಿಲು ತೆರೆದಿಟ್ಟಳು. ಮಿಕ್ಸಿ, ಗ್ರೈಂಡರಿಗೆ ಹಳೆ ಸೀರೆ ಸಾಕಾಯಿತು. ಫ್ರಿಜ್ಜಿನ ಗಾಜಿನ ತಟ್ಟೆಗಳಿಗೆ ಮಾತ್ರ ಮನೆಯ ಟವೆಲ್ಲುಗಳೆಲ್ಲ ಹೋದವು. ನಾನು ಸ್ನಾನ ಮಾಡಿ ಹಳೆ ಪಂಚೆಯಲ್ಲಿ ಮೈ ಒರೆಸಿಕೊಂಡೆ. ನಾನು ಜ್ವರ ಬಂದು ಮಲಗಿದ್ದಾಗ ಸಿಕ್ಕಿದ್ದು ಒಂದು ಮಾತ್ರೆ, ಜೊತೆಗೆ "ಎದ್ದು ಓಡಾಡಿ, ಸರಿಹೋಯ್ತದೆ" ಎಂಬ ಉಪದೇಶ.

ಅದನ್ನೂ ಸಹಿಸಿಕೊಂಡೆ. ಆದರೆ ಟೆಂಪೊ ಬಂದ ಬೆಳಿಗ್ಗೆ ಅವಳು ಬೀರುವಿನಿಂದ ನನ್ನ ಕಂಬಳಿ ತೆಗೆದಳು. ನಮ್ಮಲ್ಲಿ ಮದುಮಗನನ್ನು ಕೂರಿಸುವುದು ಕಂಬಳಿಯ ಮೇಲೆ. ಮಾವ ಹುಲಿಕುಂಟೆಯಿಂದ ತಂದು ಹಾಸಿದ ಆ ಕರಿ ಕಂಬಳಿಯ ಮೇಲೆ ಕೂತ ದಿನದಷ್ಟು ಮರ್ಯಾದೆ ನನಗೆ ಮತ್ತೆಂದೂ ಸಿಕ್ಕಿಲ್ಲ.

"ಲೇ, ಅದು ನನ್ ಮದ್ವೆ ಕಂಬ್ಳಿ ಕಣೇ" ಎಂದೆ.

"ಗೊತ್ತು ಬುಡಿ. ಫ್ರಿಜ್ಜಿಗೆ ಏಟು ಬಿದ್ರೆ ಏನ್ಮಾಡಾದು?" ಎನ್ನುತ್ತ ಸುತ್ತಿ ಹಗ್ಗ ಬಿಗಿದೇ ಬಿಟ್ಟಳು.

ಟೆಂಪೊ ಡ್ರೈವರ್ ಬೇರೆ, "ಮಲಗ್ಸಂಗಿಲ್ಲ ಸಾ, ಕೆಟ್ಟೋಯ್ತದೆ. ನೆಟ್ಟಗೆ ನಿಲ್ಸಿ ಯಾರಾನ ಹಿಡ್ಕಳ್ರಿ" ಎಂದ. ಕಬ್ಬಿಣದ ಕಂಬಿಗೆ ಉಜ್ಜಿ ಕಂಬಳಿ ಹರಿದರೆ? ನಾನೇ ಹಿಂದೆ ಹತ್ತಿದೆ. ಮಂಜುಳ ಮಿಕ್ಸಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಆರಾಮಾಗಿ ಕೂತಳು. ರಸ್ತೆಯ ಪ್ರತಿ ಉಬ್ಬಿಗೂ ನಾನು ಆ ಶತ್ರುವನ್ನು ಎದೆಗವಚಿಕೊಂಡೆ. ದಾರಿಯಲ್ಲಿ ಬೈಕಿನಲ್ಲಿ ಬಂದ ಪರಿಚಯದವರೊಬ್ಬರು ಕಂಬಳಿ ಹೊದ್ದ ಆಕಾರ ನೋಡಿ, "ಯಾರ್ಗಾನ ಹುಷಾರಿಲ್ವಾ ಸಾ?" ಎಂದು ಕನಿಕರದಿಂದ ಕೇಳಿದರು.

ಶಿರಾದ ಮನೆಯಲ್ಲಿ ಇಳಿಸಿದ್ದೇ ತಡ, ಹಗ್ಗಕ್ಕೆ ಕೈ ಹಾಕಿದೆ.

"ಮುಟ್ಬೇಡಿ. ದೂರದಿಂದ ಬಂದೈತೆ, ಸಾಯಂಕಾಲದ ತನ್ಕ ಸುಧಾರಿಸ್ಕಳ್ಳಿ, ಆಮೇಲೆ ಕರೆಂಟು ಕೊಡಾನ. ನೀವು ಅಕ್ಕಿ ಮೂಟೆ ಇಳ್ಸಿ" ಎಂದಳು.

ತಡೆಯಲಾಗಲಿಲ್ಲ. "ನಿಂಗೆ ನನ್ಗಿಂತ ಅದೇ ಹೆಚ್ಚಾ?" ಎಂದು ಕೇಳಿಯೇಬಿಟ್ಟೆ.

ಮಂಜುಳ ಬಿದ್ದು ಬಿದ್ದು ನಕ್ಕಳು. "ಮನೇಲಿ ದುಪ್ಪಟಿ ಇರ್ಲಿಲ್ವಾ? ದುಪ್ಪಟಿ ಸುತ್ತಿದ್ರೆ ನೀವು ಮುಂದೆ ಕುಂತು ಗೊರ್ಕೆ ಹೊಡೀತಿದ್ರಿ. ನಿಮ್ ಕಂಬ್ಳಿ ಅಂತ ತಾನೇ ಅದುನ್ನ ಇಷ್ಟ್ ದೂರ ತಬ್ಕಂಡ್ ಬಂದಿದ್ದು?"

ನಾನು ಹೋಗಿ ಅಕ್ಕಿ ಮೂಟೆ ಇಳಿಸಿದೆ. ಸಂಜೆ ಬಿಚ್ಚಿ ನೋಡಿದರೆ ಫ್ರಿಜ್ಜಿಗೆ ಒಂದು ಗೀರೂ ಬಿದ್ದಿರಲಿಲ್ಲ, ಕಂಬಳಿಯ ಒಂದು ಎಳೆಯೂ ಕಿತ್ತಿರಲಿಲ್ಲ. ಆದರೂ ನನ್ನ ಹೊಟ್ಟೆಕಿಚ್ಚು ಆರಿಲ್ಲ. ಮಧುಗಿರಿಯಿಂದ ಶಿರಾದವರೆಗೆ ನನ್ನನ್ನು ಯಾರೂ ಹಾಗೆ ತಬ್ಬಿಕೊಂಡು ಕರೆತಂದಿಲ್ಲ. ತಬ್ಬಿಕೊಂಡವನು ನಾನೇ ಎಂಬುದು ಬೇರೆ ಮಾತು.